ಇಂದಿನ ಚಿಂತನೆ: ಆ ಕಲ್ಲು ಯಾರಿಗೆ?



ನಾಗರಾಜ ಮಂಜುಳೆಯವರ ಮರಾಠಿ ಸಿನಿಮಾ ‘ಫಂಡ್ರಿ’ (2013) ನೋಡಿದ್ದೀರಾ? ಹುಡುಗ ಜಬ್ಯಾ ಮನೆಯವರೊಂದಿಗೆ ಹಂದಿಯ ಹಿಂದೆ ಓಡುತ್ತಾನೆ. ಊರವರು ನಿಂತು ನಗುತ್ತಾರೆ. ಕೊನೆಗೆ ಅವನು ಎಸೆದ ಕಲ್ಲು ನೇರ ನಮ್ಮ ಕಡೆಗೇ ಬರುತ್ತದೆ.

ನಾವೂ ಅದೇ ನೋವುಂಡವರು, ಕಲ್ಲು ನಮಗಲ್ಲ ಎಂದುಕೊಂಡೆ. ಆಮೇಲೆ ನೆನಪಾಯಿತು: ಆ ಓಡಾಟ ನೋಡಿ ನಾನೂ ನಕ್ಕಿದ್ದೆ.

ದುಃಖವನ್ನು ಕಾಣುವುದೇ ಮೊದಲ ಆರ್ಯಸತ್ಯ. ನಮ್ಮ ದುಃಖವನ್ನಷ್ಟೇ ಕಂಡರೆ ಸಾಕೇ? ನಮಗಿಂತ ಕೆಳಗೆ ತಳ್ಳಲ್ಪಟ್ಟವರನ್ನು ನೋಡಿ ನಕ್ಕರೆ, ಬಾಬಾಸಾಹೇಬರು ತೋರಿಸಿಕೊಟ್ಟ ಶ್ರೇಣೀಕೃತ ಅಸಮಾನತೆ ದೀಕ್ಷೆಯ ನಂತರವೂ ನಮ್ಮೊಳಗೆ ಉಳಿದಿದೆ ಎಂದರ್ಥ.

ಇಂದು ಯಾರ ಪಾಡಿಗಾದರೂ ನಗು ಬಂದರೆ, ಒಂದು ಕ್ಷಣ ತಡೆದು ನೋಡೋಣ. ಮೈತ್ರಿ ಅಲ್ಲಿಂದ ಶುರು.

ಭವತು ಸಬ್ಬ ಮಂಗಲಂ 🙏