ಗಬ್ಬರ್‌ನ ಮುಖ

‘ಶೋಲೆ’ಯನ್ನು ನಾನು ನೋಡುವ ಮೊದಲೇ ಕೇಳಿದ್ದೆ. ಗೂಳೂರಿನ ಕೆರೆಮಣ್ಣಿನ ದೊಡ್ಡ ಗಣಪನನ್ನು ಮತ್ತೆ ಕೆರೆಗೇ ಬಿಡುವ ಜಾತ್ರೆಯಲ್ಲಿ, ಸೋಡಾ ಅಂಗಡಿಯವರು ಹಾಡುಗಳ ನಡುವೆ ಆ ಸಿನಿಮಾದ ಮಾತುಗಳ ಕ್ಯಾಸೆಟ್ಟನ್ನೂ ಲೌಡ್‌ಸ್ಪೀಕರಿನಲ್ಲಿ ಹಾಕುತ್ತಿದ್ದರು. ಹಿಂದಿ ಅರ್ಧಂಬರ್ಧ ತಿಳಿಯುತ್ತಿತ್ತು. ಗಬ್ಬರ್ ಸಿಂಗನ ದನಿ ಮಾತ್ರ ಪೂರ್ತಿ ತಿಳಿಯುತ್ತಿತ್ತು.

ಆ ಗಬ್ಬರ್‌ಗೆ ಸಿನಿಮಾದ ಮುಖವಿರಲಿಲ್ಲ. ನಾನೇ ಒಂದು ಮುಖ ಕೊಟ್ಟಿದ್ದೆ. ಹೊಲದ ಬದುವಿನ ಜಗಳದಲ್ಲಿ ನಮ್ಮಪ್ಪನ ಮೇಲೆ ಕೈ ಮಾಡಿದ ಪಕ್ಕದ ಹೊಲದವರ ಮುಖ. ಅವರನ್ನು ಬಂಡೆಗಳ ನಡುವೆ ಅಟ್ಟಿಸಿಕೊಂಡು ಹೋಗುವುದನ್ನು ಕಲ್ಪಿಸಿಕೊಂಡೇ ಎಷ್ಟೋ ರಾತ್ರಿ ನಿದ್ದೆ ಮಾಡಿದ್ದೇನೆ. ಅಪ್ಪ ಮಾತ್ರ ತುಮಕೂರಿನ ಕೋರ್ಟಿಗೆ ಅಲೆಯುತ್ತಿದ್ದರು. ಅದು ನನಗೆ ಹೇಡಿತನವಾಗಿ ಕಾಣುತ್ತಿತ್ತು.

ಮುಂದೆ ಟಿ.ವಿ.ಯಲ್ಲಿ ‘ಹೈ ನೂನ್’, ‘ದಿ ಮ್ಯಾಗ್ನಿಫಿಸೆಂಟ್ ಸೆವೆನ್’ ನೋಡಿದೆ. ಕುದುರೆ, ಧೂಳು, ಕಾನೂನು ಇನ್ನೂ ಕಾಲೂರದ ಊರು. ರಾಮನಗರದ ಬೆಟ್ಟಗಳಲ್ಲಿ ಚಿತ್ರೀಕರಿಸಿದ ‘ಶೋಲೆ’ ಕೂಡ ಅದೇ ಕುಲದ್ದೆಂದು ಆಗ ತಿಳಿಯಿತು. ಈ ಕಥೆಗಳು ನಮ್ಮ ಒಂದು ಕಷ್ಟವನ್ನು ಮೊದಲೇ ಪರಿಹರಿಸಿಬಿಡುತ್ತವೆ: ದುಷ್ಟ ಯಾರು ಎಂಬುದು ಅಲ್ಲಿ ಎಲ್ಲರಿಗೂ ಗೊತ್ತು. ಉಳಿಯುವುದು ಗುಂಡು ಹಾರಿಸುವ ಕೆಲಸ ಒಂದೇ.

‘ಶೋಲೆ’ಯ ಮೂಲ ಅಂತ್ಯದಲ್ಲಿ ಕೈಗಳಿಲ್ಲದ ಠಾಕೂರ್ ಗಬ್ಬರ್‌ನನ್ನು ಕಾಲಿನಿಂದಲೇ ಕೊಲ್ಲುತ್ತಾನೆ. ಸೆನ್ಸಾರ್ ಮಂಡಳಿ ಒಪ್ಪಲಿಲ್ಲ. 1975ರ ಆಗಸ್ಟ್ 15ರಂದು ತೆರೆಕಂಡ ಚಿತ್ರದಲ್ಲಿ ಪೊಲೀಸರು ಬಂದು ತಡೆಯುತ್ತಾರೆ, ಶಿಕ್ಷೆ ಕೊಡುವುದು ಕಾನೂನಿನ ಕೆಲಸ ಎನ್ನುತ್ತಾರೆ. ದೇಶದಲ್ಲಿ ಆಗ ತುರ್ತು ಪರಿಸ್ಥಿತಿ. ವಿಚಾರಣೆಯಿಲ್ಲದೆ ಜನರನ್ನು ಜೈಲಿಗೆ ಹಾಕುತ್ತಿದ್ದ ಸರ್ಕಾರ ತೆರೆಯ ಮೇಲೆ ಕಾನೂನಿನ ಪಾಠ ಹೇಳಿಸಿತು. ಹಾಗಾಗಿ ಆ ಅಂತ್ಯವನ್ನು ಬಹುಕಾಲ ಬರೀ ಬೂಟಾಟಿಕೆ ಎಂದುಕೊಂಡಿದ್ದೆ. 2025ರಲ್ಲಿ ಮೂಲ ಅಂತ್ಯವಿರುವ ಪ್ರತಿ ಇಟಲಿಯ ಬೊಲೊನ್ಯಾದಲ್ಲಿ ಪ್ರದರ್ಶನವಾಯಿತೆಂದು ಓದಿದಾಗ, ನನಗೆ ಯಾವ ಅಂತ್ಯ ಬೇಕು ಎಂದು ಮತ್ತೆ ಕೇಳಿಕೊಂಡೆ.

ಉತ್ತರ ಸಿಕ್ಕಿದ್ದು ನಮ್ಮ ಬದುವಿನಲ್ಲೇ. ವರ್ಷಗಳ ನಂತರ ಸರ್ವೆಯವರು ಬಂದು ಅಳೆದಾಗ, ಒಂದು ತುದಿಯಲ್ಲಿ ಅವರು ಒತ್ತಿದ್ದರು, ಇನ್ನೊಂದು ತುದಿಯಲ್ಲಿ ನಾವು. ರಾಜಿಯಾಯಿತು. ಆ ಮನೆಯ ಹುಡುಗ, ನನ್ನದೇ ವಯಸ್ಸಿನವನು, ಟೀ ಕುಡಿಯುತ್ತಾ ನಗುತ್ತಾ ಹೇಳಿದ: “ಜಾತ್ರೇಲಿ ಆ ಕ್ಯಾಸೆಟ್ ಕೇಳ್ವಾಗೆಲ್ಲ ನಂಗೆ ನಿಮ್ಮಪ್ಪನ ಮುಖಾನೇ ಕಣ್ಮುಂದೆ ಬರೋದು ಕಣಯ್ಯ.”

ನಾನೂ ನಕ್ಕೆ. ಆದರೆ ಎದೆ ಝಲ್ಲೆಂದಿತು. ಒಂದೇ ಲೌಡ್‌ಸ್ಪೀಕರಿನ ಕೆಳಗೆ ನಿಂತು ನಾವಿಬ್ಬರೂ ಒಬ್ಬರ ತಂದೆಯನ್ನು ಇನ್ನೊಬ್ಬರು ಮನಸ್ಸಿನಲ್ಲೇ ಕೊಲ್ಲುತ್ತಿದ್ದೆವು. ಇಬ್ಬರಿಗೂ ನಾವು ಠಾಕೂರನ ಕಡೆಯವರೆಂಬ ಖಾತ್ರಿಯಿತ್ತು.

ಅಪ್ಪನಿಗೆ ಹೊಡೆದದ್ದು ಇವತ್ತಿಗೂ ತಪ್ಪೇ. ನ್ಯಾಯ ತಡವಾದರೆ ಅದರ ನೋವು ಸೋತವರಿಗೇ ಗೊತ್ತು. ಕೋರ್ಟಿನ ಮೆಟ್ಟಿಲಲ್ಲೇ ಮುದುಕರಾದವರಿಗೆ ತಾಳ್ಮೆಯ ಉಪದೇಶ ಮಾಡುವ ಯೋಗ್ಯತೆ ನನಗಿಲ್ಲ. ಠಾಕೂರನ ಸಿಟ್ಟು ಸುಳ್ಳಲ್ಲ. ಆದರೆ ಸೇಡಿಗೆ ಮರುವಿಚಾರಣೆ ಇಲ್ಲ. ಕಾನೂನಿನ ನಿಧಾನದಲ್ಲಿ ಸೋಮಾರಿತನ, ಲಂಚ ಎಲ್ಲವೂ ಇರಬಹುದು. ಅದರೊಳಗೆ ‘ದುಷ್ಟ ನಾನೇ ಆಗಿದ್ದರೆ?’ ಎಂದು ಕೇಳಿಕೊಳ್ಳುವಷ್ಟು ಹೊತ್ತೂ ಇರುತ್ತದೆ.

ಕೌಬಾಯ್ ಸಿನಿಮಾ ಈಗಲೂ ನೋಡುತ್ತೇನೆ, ಶಿಳ್ಳೆಯನ್ನೂ ಹಾಕುತ್ತೇನೆ. ಗಬ್ಬರ್‌ನ ಮುಖಕ್ಕೆ ಮಾತ್ರ ಅಮ್ಜದ್ ಖಾನರ ಮುಖವನ್ನೇ ಬಿಟ್ಟಿದ್ದೇನೆ. ನನಗೆ ಗೊತ್ತಿರುವ ಯಾರ ಮುಖವನ್ನೂ ಅಲ್ಲಿಗೆ ತರುವುದಿಲ್ಲ.