ಹಣೆಬರಹವೂ ಸಿಲಿಂಡರೂ

ಪ್ರಯೋಗಾಲಯದ ಅವಘಡವನ್ನು ಹಣೆಬರಹ ಎನ್ನಬಹುದೇ? 2018ರ ಡಿಸೆಂಬರ್ 5ರಂದು, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಹೈಪರ್‌ಸಾನಿಕ್ ಪ್ರಯೋಗಾಲಯದಲ್ಲಿ, ಹೈಡ್ರೋಜನ್ ಸಿಲಿಂಡರ್‌ನಿಂದ ಎನ್ನಲಾದ ಸ್ಫೋಟ ಸಂಭವಿಸಿ ಸಂಶೋಧಕರೊಬ್ಬರು ಮೃತಪಟ್ಟರು, ಮೂವರು ಗಾಯಗೊಂಡರು. ಇಂಥಲ್ಲಿ ಕರ್ಮಸಿದ್ಧಾಂತವನ್ನು ಎಳೆದು ತರುವುದು ಆ ಸಿದ್ಧಾಂತಕ್ಕೇ ಅಪಚಾರ. ಕರ್ಮವೆಂದರೆ ಮೊದಲಿಗೆ ಮಾಡಿದ ಕೆಲಸ, ವಿಧಿಯಲ್ಲ. ಹೈಡ್ರೋಜನ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ಗಾಳಿಯಲ್ಲಿ ಶೇಕಡ 4ರಷ್ಟು ಬೆರೆತರೆ ಸಣ್ಣ ಕಿಡಿ ಸಾಕು. ಅದು ಯಾರ ಪೂರ್ವಜನ್ಮವನ್ನೂ ವಿಚಾರಿಸುವುದಿಲ್ಲ.

ಆಯುಧಪೂಜೆಯಂದು ಯಂತ್ರಗಳಿಗೆ ಕುಂಕುಮವಿಟ್ಟು ಸೇವಂತಿಗೆ ಹಾರ ಹಾಕುತ್ತಾರೆ (ಹಾರ ಒತ್ತಡಮಾಪಕದ ಮುಖವನ್ನೇ ಮುಚ್ಚುವುದೂ ಉಂಟು!). ಪೂಜೆಗೆ ಮುನ್ನ ಒರೆಸಿ, ಎಣ್ಣೆ ಬಿಡುವ ರೂಢಿಯೇ ಅದರ ತಿರುಳು. ಶರಣರ ಕಾಯಕತತ್ತ್ವ ಇನ್ನೂ ನಿಷ್ಠುರ: ಕವಾಟ ಸೋರುತ್ತಿದೆಯೇ ಎಂದು ನೋಡುವುದೂ ಪೂಜೆಯೇ. ಆ ಹೊಣೆ ವಿದ್ಯಾರ್ಥಿಯೊಬ್ಬನದಲ್ಲ. ಮಾರ್ಗದರ್ಶಕರದು, ಆಡಳಿತದ್ದು ಕೂಡ.