ಕಾಗೆ ಎಂಜಲಿನ ನ್ಯಾಯ

"ಅವನಿಗೂ ಚೂರು ಕೊಡು, ಜಾಣ ಅಲ್ವಾ ನೀನು?" ಎನ್ನುತ್ತಲೇ ಮಗುವಿನ ಕೈಯಲ್ಲಿದ್ದ ಚಿಕ್ಕಿಯನ್ನು ಅಮ್ಮ ಮುರಿದು ಪಕ್ಕದ ಮನೆಯ ಹುಡುಗನಿಗೆ ಕೊಟ್ಟುಬಿಡುತ್ತಾಳೆ. ಎಲ್ಲರಿಗೂ ಸಮಾಧಾನ, ಚಿಕ್ಕಿಯ ಒಡೆಯನೊಬ್ಬನನ್ನು ಬಿಟ್ಟು. ಇಲ್ಲಿ ಕೊಟ್ಟವರು ಯಾರು? ಮಗುವಂತೂ ಅಲ್ಲ, ಅದರ ಕೈಯಿಂದ ವಸೂಲಿಯಾಯಿತು, ಅಷ್ಟೆ. "ಕೊಡಲ್ಲ" ಎನ್ನಲು ಅವಕಾಶವೇ ಇಲ್ಲದ ಕಡೆ "ಕೊಟ್ಟೆ" ಎಂಬುದಕ್ಕೆ ಬೆಲೆಯಿಲ್ಲ. ದೊಡ್ಡವರ ದಾನಧರ್ಮದ ವಿಷಯದಲ್ಲಿ ಯಾರೂ ತಕರಾರು ತೆಗೆಯದ ಈ ಮಾತು ನಾಲ್ಕು ವರ್ಷದವರ ವಿಷಯಕ್ಕೆ ಬಂದಾಗ ನಮಗೆ ಮರೆತೇ ಹೋಗುತ್ತದೆ.

ಹಂಚಿ ತಿನ್ನಬೇಕೆಂದು ಚಿಕ್ಕವರಿಗೆ ಗೊತ್ತಿಲ್ಲ, ಹೇಳಿ ಹೇಳಿ ಕಲಿಸಬೇಕು ಎಂದು ನಂಬಿದ್ದೇವೆ. ಅವರಿಗೆ ಚೆನ್ನಾಗಿಯೇ ಗೊತ್ತಿದೆ. ಸ್ಮಿತ್, ಬ್ಲೇಕ್, ಹ್ಯಾರಿಸ್ ಎಂಬ ಮೂವರು ಸಂಶೋಧಕರು 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಮೂರು ವರ್ಷದವರೂ ಸ್ಟಿಕ್ಕರುಗಳನ್ನು ಸಮನಾಗಿ ಹಂಚಬೇಕೆಂದೇ ಹೇಳಿದರು. ತಮ್ಮ ಸರದಿ ಬಂದಾಗ ಮಾತ್ರ ಹೆಚ್ಚಿನದನ್ನು ತಮಗೇ ಇಟ್ಟುಕೊಂಡರು. ಹೇಳಿದಂತೆ ನಡೆದವರು ಏಳೆಂಟು ವರ್ಷದವರು. ಎರ್ನ್ಸ್ಟ್ ಫೆಹ್ರ್ ಮತ್ತು ಸಂಗಡಿಗರು 2008ರಲ್ಲಿ ಸ್ವಿಟ್ಜರ್ಲೆಂಡಿನ ಮಕ್ಕಳ ಮುಂದೆ ಸಿಹಿ ಇಟ್ಟು ನೋಡಿದಾಗಲೂ ಕಂಡದ್ದು ಹೆಚ್ಚುಕಡಿಮೆ ಇದೇ. ಹಾಗಾದರೆ ನಡುವಿನ ಆ ನಾಲ್ಕೈದು ವರ್ಷಗಳಲ್ಲಿ ಬೇಕಾದದ್ದು ಉಪದೇಶಕ್ಕಿಂತ ಹೆಚ್ಚಾಗಿ ಕೈಯ ರೂಢಿ.

ಆ ರೂಢಿಯನ್ನು ನಮ್ಮ ಮಕ್ಕಳು ಯಾರ ಸಹಾಯವೂ ಇಲ್ಲದೆ ಮಾಡಿಕೊಂಡಿದ್ದರು. ಕಾಗೆ ಎಂಜಲು, ಕೆಲವು ಕಡೆ ಗುಬ್ಬಿ ಎಂಜಲು. ಇರುವುದು ಒಂದೇ ಪೆಪ್ಪರ್‌ಮಿಂಟು, ಬಾಯಿ ಎರಡು. ಅಂಗಿಯ ಚುಂಗಿನಲ್ಲಿ ಅದನ್ನು ಸುತ್ತಿ, ದವಡೆಗೆ ಕೊಟ್ಟು ಕಟಕ್ಕೆಂದು ಕಚ್ಚುವುದು. ಬಟ್ಟೆ ಅಡ್ಡ ಇರುವುದರಿಂದ ಅದು ಎಂಜಲಲ್ಲ. ಬಿಚ್ಚಿದರೆ ಒಂದು ದೊಡ್ಡ ಚೂರು, ಒಂದು ಸಣ್ಣದು, ಒಂದಿಷ್ಟು ಪುಡಿ, ಜೊತೆಗೆ ಅಂಗಿಯ ದಾರದ ಎಳೆ. ಎಂಜಲೆಂಬ ದೊಡ್ಡವರ ಕಟ್ಟಳೆಯನ್ನು ಮಕ್ಕಳು ಮುರಿಯಲೂ ಇಲ್ಲ, ಅದಕ್ಕೆ ಬಗ್ಗಲೂ ಇಲ್ಲ. ಸಂದಿಯಲ್ಲಿ ದಾರಿ ಮಾಡಿಕೊಂಡು ಇಬ್ಬರೂ ತಿಂದರು. ಬುದ್ಧಿವಂತ ಕಾನೂನು ಅಂದರೆ ಹೀಗಿರಬೇಕು. (ದಂತವೈದ್ಯರು ಒಪ್ಪಲಿಕ್ಕಿಲ್ಲ, ಅದು ಬೇರೆ ಮಾತು.)

ಇನ್ನು ದೊಡ್ಡ ಚೂರು ಯಾರಿಗೆ? ಜಗಳ ಹುಟ್ಟುವ ಈ ಜಾಗದಲ್ಲಿ ದೊಡ್ಡವರು ಒಂದೇ ಒಂದು ನಿಯಮ ಸೇರಿಸಿದರೆ ಸಾಕು: ಪಾಲು ಮಾಡಿದವರು ಕೊನೆಗೆ ತೆಗೆದುಕೊಳ್ಳಬೇಕು, ಇನ್ನೊಬ್ಬರು ಮೊದಲು ಆರಿಸಬೇಕು. ಆಮೇಲೆ ನೋಡಿ, ಹೋಳಿಗೆಯನ್ನು ಮಡಿಸಿ ನಡು ಹುಡುಕುವುದೇನು, ಬಾಳೆಹಣ್ಣನ್ನು ಬೆರಳಲ್ಲಿ ಅಳೆಯುವುದೇನು! ಒಳ್ಳೆಯವನಾಗು ಎಂದು ಯಾರೂ ಹೇಳಿಲ್ಲ. ಎದುರಿನವನು ಯಾವುದನ್ನು ಎತ್ತಿಕೊಂಡಾನು ಎಂದು ಯೋಚಿಸದೆ ವಿಧಿಯಿಲ್ಲ, ಅಷ್ಟೆ. ಇನ್ನೊಬ್ಬರ ಜಾಗದಲ್ಲಿ ನಿಂತು ನೋಡುವ ಅಭ್ಯಾಸ ಅಲ್ಲಿಂದಲೇ ಶುರು.

ಇದೆಲ್ಲ ಬರೀ ಲೆಕ್ಕಾಚಾರ, ಇದರಲ್ಲಿ ಪ್ರೀತಿ ಎಲ್ಲಿದೆ ಎಂದು ಕೇಳುವವರಿದ್ದಾರೆ. ಪ್ರೀತಿ ಇರಲಿ, ಬೇಡವೆಂದವರಾರು? ಆದರೆ ಪ್ರೀತಿ ಮುಖ ನೋಡಿ ಬಡಿಸುತ್ತದೆ. ಜೀವದ ಗೆಳತಿಗೆ ಡಬ್ಬಿಯ ಅರ್ಧ ಚಿತ್ರಾನ್ನ ಕೊಡುವ ಹುಡುಗಿಯೇ ಬೆಂಚಿನ ಕೊನೆಯಲ್ಲಿ ಕೂತವಳಿಗೆ ಬೆನ್ನು ಹಾಕಿ ತಿನ್ನಬಲ್ಲಳು. ಔದಾರ್ಯ ಒಂದು, ನ್ಯಾಯ ಇನ್ನೊಂದು. ಎರಡನೆಯದು ಬೇಕಾಗುವುದೇ ನಮ್ಮವರಲ್ಲದವರ ಎದುರು. ಬಡಿಸುವವರು ನಮ್ಮವರಾದರೆ ಕೊನೇ ಪಂಕ್ತಿಯಲ್ಲಿ ಕೂತರೂ ಚಿಂತೆಯಿಲ್ಲ ಎಂದು ಗಾದೆ ಕಟ್ಟಿಕೊಂಡ ನಾವು ಇದನ್ನು ಮಕ್ಕಳಿಗಿಂತ ಮೊದಲು ಕಲಿಯಬೇಕಿದೆ.

2015ರಲ್ಲಿ ಭಾರತವೂ ಸೇರಿ ಏಳು ದೇಶಗಳ ಮಕ್ಕಳನ್ನು ಜೋಡಿಜೋಡಿಯಾಗಿ ಕೂರಿಸಿ ನಡೆಸಿದ ಪ್ರಯೋಗವೊಂದು 'ನೇಚರ್' ಪತ್ರಿಕೆಯಲ್ಲಿ ಬಂತು. ನಡುವೆ ಒಂದು ಯಂತ್ರ, ಅದರ ಎರಡು ತಟ್ಟೆಯಲ್ಲಿ ಸಿಹಿ. ಇಬ್ಬರಲ್ಲಿ ಒಂದು ಮಗುವಿನ ಕೈಯಲ್ಲಿ ಎರಡು ಹಿಡಿ. ಹಸಿರು ಎಳೆದರೆ ಅವರವರ ಪಾಲು ಅವರವರಿಗೆ, ಕೆಂಪು ಎಳೆದರೆ ಯಾರಿಗೂ ಇಲ್ಲ. ತನಗೆ ಕಡಿಮೆ ಬಂದಾಗ ಕೆಂಪು ಎಳೆಯುವ ಮಕ್ಕಳು ಏಳೂ ದೇಶಗಳಲ್ಲಿ ಸಿಕ್ಕರು. ತನಗೆ ಹೆಚ್ಚು ಬಂದಾಗಲೂ ಬೇಡವೆನ್ನುವ ನಡವಳಿಕೆ ದೊಡ್ಡ ಮಕ್ಕಳಲ್ಲಿ ಸ್ಪಷ್ಟವಾಗಿ ಕಂಡದ್ದು ಅಮೆರಿಕ, ಕೆನಡಾ, ಉಗಾಂಡಾಗಳಲ್ಲಿ ಮಾತ್ರ. ಒಂದು ಪ್ರಯೋಗದಿಂದ ಇಡೀ ದೇಶವನ್ನು ಅಳೆಯಲಾಗದು, ನಿಜ. ಆದರೂ ನಮ್ಮ ಮಕ್ಕಳನ್ನು ದೂರುವ ಮೊದಲು ನಮ್ಮ ಊಟದ ಮನೆಗಳನ್ನು ನೆನೆಯಬೇಕು. ಪಂಕ್ತಿಭೇದವನ್ನು ಸಂಪ್ರದಾಯವೆಂದು ಸಮರ್ಥಿಸಿಕೊಂಡವರು ನಾವು. ದಲಿತ ಹೆಂಗಸು ಅಡುಗೆ ಮಾಡಿದಳೆಂದು ಶಾಲೆಯ ಬಿಸಿಯೂಟವನ್ನು ಮಕ್ಕಳಿಂದ ಬಿಡಿಸಿದ ಸುದ್ದಿ ಕರ್ನಾಟಕದಲ್ಲೇ ಒಂದಕ್ಕಿಂತ ಹೆಚ್ಚು ಸಲ ಬಂದಿದೆ. ಆ ತೀರ್ಮಾನ ಆರು ವರ್ಷದವರದಲ್ಲ.

ಹಾಗೆಂದು ಸಮಪಾಲು ಯಾವಾಗಲೂ ನ್ಯಾಯವೇ ಆಗಬೇಕಿಲ್ಲ. 2002ರಲ್ಲಿ ರಾಜ್ಯದ ಈಶಾನ್ಯ ಜಿಲ್ಲೆಗಳಲ್ಲಿ ಅಕ್ಷರ ದಾಸೋಹವೆಂಬ ಬಿಸಿಯೂಟ ಯೋಜನೆ ಶುರುವಾದದ್ದು ಹಸಿದ ಹೊಟ್ಟೆಗೆ ಪಾಠ ಹತ್ತುವುದಿಲ್ಲವೆಂದೇ. ಬೆಳಿಗ್ಗೆ ಏನೂ ತಿನ್ನದೆ ಬಂದವಳಿಗೆ ಇನ್ನೊಂದು ಸೌಟು ಅನ್ನ ಸಾರು ಬಿದ್ದರೆ ಉಳಿದವರಿಗೆ ಅನ್ಯಾಯವೇ? ಅಲ್ಲ. ಮನೆಯಲ್ಲಿ ಮಗನ ತಟ್ಟೆಗೆ ಮಗಳದ್ದಕ್ಕಿಂತ ಒಂದು ಚಮಚ ತುಪ್ಪ ಹೆಚ್ಚು ಬಿದ್ದರೆ? ಅನ್ಯಾಯ. ಎರಡೂ ಕಡೆ ಪಾಲು ಅಸಮವೇ. ವ್ಯತ್ಯಾಸವಿರುವುದು ಕಾರಣದಲ್ಲಿ. ಮೊದಲನೆಯದನ್ನು ಕಡಿಮೆ ಸಿಕ್ಕವರ ಎದುರೇ ಹೇಳಬಹುದು, ಅವರು ತಲೆಯಾಡಿಸುತ್ತಾರೆ. (ಹಸಿದವಳಿಗೆ ನಾಚಿಕೆಯಾಗದಂತೆ ಹೇಳಬೇಕು, ಅದೊಂದು ಜಾಣ್ಮೆ.) ಎರಡನೆಯದನ್ನು ಮಗಳ ಮುಖ ನೋಡಿ ಹೇಳಲು ಯಾವ ತಾಯಿಗೂ ಬಾಯಿ ಬರುವುದಿಲ್ಲ. ನನ್ನ ಮಟ್ಟಿಗೆ ಪಾಲಿನ ನ್ಯಾಯವನ್ನು ಪರೀಕ್ಷಿಸಲು ಇದಕ್ಕಿಂತ ದೊಡ್ಡ ಸೂತ್ರ ಬೇಕಿಲ್ಲ. ಆರು ವರ್ಷದವರಿಗೂ ಇದು ಅರ್ಥವಾಗುತ್ತದೆ, ಕಾರಣ ಕೇಳಲು ಅವರನ್ನು ಬಿಟ್ಟರೆ.

ಈ ಭಾನುವಾರ ಮನೆಯಲ್ಲಿ ಪಾಯಸ ಮಾಡಿದರೆ, ಗೆಳೆಯರೂ ಬಂದಿದ್ದರೆ, ಸೌಟನ್ನು ಚಿಕ್ಕವರ ಕೈಗೆ ಕೊಡಿ. ಬಡಿಸಿದವರೇ ಕೊನೆಗೆ ಲೋಟ ಎತ್ತಿಕೊಳ್ಳಲಿ. ಪಾಲು ಹೆಚ್ಚುಕಡಿಮೆಯಾದರೆ ನೀವು ಬಾಯಿ ಹಾಕಬೇಡಿ, ಕಡಿಮೆ ಸಿಕ್ಕವರು "ಯಾಕೆ?" ಎಂದು ಕೇಳಲಿ, ಬಡಿಸಿದವರು ಉತ್ತರ ಹೇಳಲಿ.